ಕಲಿಸೋ ತನಕ

ದಾವಣಗೆರೆ
೨೦ ಆಗಸ್ಟ್ ೧೯೬೧

ಹಿದಾಯತ್ ಅಣ್ಣನಿಗೆ ಸಲಾಮ್.

ಕಾಗದವನ್ನು ಎಲ್ಲರ ಕ್ಷೇಮ ತಿಳಿಸಿ ಶುರುಮಾಡಬೇಕು ಎಂದು ಅಬ್ಬಾ ಕಲಿಸಿದ್ದರು. ಇವತ್ತು ಆ ಸಾಲನ್ನು ಬಿಡುತ್ತೇನೆ.

ಹೋದ ವಾರ ನೀನು ಹುಬ್ಬಳ್ಳಿಯಿಂದ ಹರಿಹರಕ್ಕೆ ಬಂದು ಹೋದೆಯಂತೆ. ಇನ್ನರ್ಧ ಗಂಟೆ ಅದೇ ರೈಲಿನಲ್ಲಿ ಕೂತಿದ್ದರೆ ದಾವಣಗೆರೆ ಬರುತ್ತಿತ್ತು. ನಾನಿದ್ದೆ, ನೀನಿನ್ನೂ ಸರಿಯಾಗಿ ಎತ್ತಿಕೊಳ್ಳದ ನಿನ್ನ ಸೊಸೆ, ನನ್ನ ಕೂಸು ಶಮೀಮ್ ಇದ್ದಳು. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಗೊತ್ತಾಗಿದ್ದು ನಿನ್ನಿಂದಲ್ಲ, ಹತ್ತಿ ಗಿರಣಿಯ ಗೇಟಿನಲ್ಲಿ. ನಮ್ಮ ಮನೆಯವರು ಪಾಳಿ ಮುಗಿಸಿ ಹೊರಬರುವಾಗ ಹರಿಹರದ ಕಡೆಯವನೊಬ್ಬ, "ಏನ್ರೀ ರಜಾಕ್ ಸಾಬ್ರೇ, ನಿಮ್ ಮಾವನ ಮನೆ ಕೊಟ್ರಬಸಪ್ಪ ಸಾವ್ಕಾರ್ರಿಗೆ ಆತಂತಲ್ಲ! ಕೆಡವಿ ಭತ್ತದ ಗೋದಾಮು ಕಟ್ಟಸ್ತಾರಂತೆ. ನಮಗೆ ಊಟ ಯಾವಾಗ?" ಎಂದು ಎಲ್ಲರೆದುರು ಕೇಳಿದನಂತೆ.

ಅಣ್ಣಾ, ಅಬ್ಬಾ ಹೋಗಿ ನಲವತ್ತನೇ ದಿನದ ಫಾತೇಹಾ ಕೂಡ ಆಗಿಲ್ಲ. ಅಮ್ಮ ಇದ್ದತ್‌ನಲ್ಲಿದ್ದಾರೆ. ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ತನಕ ಗಂಡನ ಮನೆಯ ಹೊಸ್ತಿಲು ದಾಟಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಹಾಗೆ ಕೂತ ಹೆಂಗಸಿನ ತಲೆಯ ಮೇಲಿನ ಸೂರನ್ನು ನೀನು ಮಾತಾಡಿ ಮುಗಿಸಿಬಿಟ್ಟೆ.

ಆ ಮನೆ ಹೇಗೆ ಎದ್ದಿತು ಎನ್ನುವುದನ್ನು ನೀನು ಮರೆತಂತಿದೆ. ಅಬ್ಬಾನಿಗೆ ವರ್ಗವಾದಾಗ ಸುತ್ತಿನ ಹಳ್ಳಿಗಳವರು ಮೇಲಿನವರ ಕೈಕಾಲು ಹಿಡಿದು ವರ್ಗ ನಿಲ್ಲಿಸಿದರು. ಮಾಸ್ತರಿಗೆ ಸ್ವಂತ ಮನೆಯಿದ್ದರೆ ಇನ್ನೆಲ್ಲೂ ಹೋಗುವುದಿಲ್ಲ ಎಂದು, ಅಬ್ಬಾ ಕೊಂಡಿದ್ದ ಬಯಲು ಜಾಗಕ್ಕೆ ಒಬ್ಬೊಬ್ಬರು ಒಂದೊಂದು ತಂದು ಹಾಕಿದರು. ಭಾನುವಳ್ಳಿಯ ರೇವಣ್ಣನ ಮನೆಯವರದು ತೊಲೆ. ನಂದಿಗುಡಿಯ ಗುಡ್ಡಪ್ಪನ ತಂದೆಯದು ಹೊನ್ನೆ ಮರದ ಬಾಗಿಲು. ಹದಡಿಯ ತಿಪ್ಪಮ್ಮನದು ಬೀಸುಕಲ್ಲು. ಸುಗ್ಗಿ ಮುಗಿದ ಮೇಲೆ ಕೊಟ್ಟವರೇ ಬಂದು ಕೊಟ್ಟಿದ್ದನ್ನು ನೋಡಿಕೊಂಡು ಹೋಗುತ್ತಿದ್ದರು. ಗುಡ್ಡಪ್ಪ ಬಾಗಿಲಿಗೆ ಎಣ್ಣೆ ತಿಕ್ಕುತ್ತಿದ್ದ. ರೇವಣ್ಣ ಏಣಿ ಹತ್ತಿ, ಗೆದ್ದಲು ಹೊಕ್ಕಿದೆಯೇ ಎಂದು ತೊಲೆಯನ್ನು ಬೆರಳಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಆ ಮನೆಯ ಒಂದು ಮೊಳೆಗೂ ಅಬ್ಬಾ ಸುತ್ತಿಗೆ ಎತ್ತಿದವರಲ್ಲ. ಬಾಗಿಲು ಕೂಡಿಸಿದ ದಿನ ಗುಡ್ಡಪ್ಪನ ತಂದೆ, "ಮಾಸ್ತರೇ, ಇದು ನಿಮ್ದು" ಎಂದನಂತೆ. ಈ ಮಾತನ್ನು ಅಬ್ಬಾ ನಮಗೆ ಎಷ್ಟು ಸಲ ಹೇಳಿಲ್ಲ!

ನನಗೆ ನಿದ್ದೆಯಿಲ್ಲ. ಶಮೀಮ್ ಅಳುತ್ತಾಳೆ ಎಂದು ಅತ್ತೆಗೆ ಹೇಳುತ್ತೇನೆ, ಆದರೆ ಅವಳು ಮಲಗಿದಾಗಲೇ ನನಗೆ ಹೆಚ್ಚು ಭಯ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಅಂದು ತವರಿನಲ್ಲಿ ಅಬ್ಬಾನನ್ನು ಮಧ್ಯಾಹ್ನದ ಚಹಾಕ್ಕೆ ಎಬ್ಬಿಸಲು ಹೋದವಳು ನಾನು; ಅವರು ಏಳಲಿಲ್ಲ. ಮಲಗಿದ ಯಾರನ್ನು ಕಂಡರೂ ನನಗೀಗ ಎಬ್ಬಿಸಿಬಿಡಬೇಕು ಎನ್ನಿಸುತ್ತದೆ.

ನನ್ನ ಸಹಿ ಇಲ್ಲದೆ ಆ ಮನೆ ಮಾರಲು ಬರುವುದಿಲ್ಲ. ನಾನು ಹಾಕುವುದಿಲ್ಲ.

ನಿನ್ನ ತಂಗಿ
ಶಹರ್ಬಾನು


ಹರಿಹರ
೨ ಸೆಪ್ಟೆಂಬರ್ ೧೯೬೧

ಬಾನುಗೆ ನಾಗಕ್ಕನ ಆಶೀರ್ವಾದ.

ನಿಮ್ಮ ಅಮ್ಮ ಅಮೀನಾಬೀಯವರು ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಊರಿಗೆಲ್ಲ ಅಕ್ಷರ ಕಲಿಸಿದ ಮಾಸ್ತರು ಹೆಂಡತಿಗೆ ಮಾತ್ರ ಕಲಿಸಲಿಲ್ಲ, ಪಕ್ಕದ ಮನೆಯ ನನಗೆ ಈ ಚಾಕರಿ ಬಂತು. ನನಗಾದರೂ ಒತ್ತಕ್ಷರ ಮುಗಿಯುವ ಹೊತ್ತಿಗೆ ಮದುವೆ ಮಾಡಿಬಿಟ್ಟರು. ತಪ್ಪಿದ್ದರೆ ತಿದ್ದಿಕೊಂಡು ಓದು.

ಮಗು ಹಾಲು ಕುಡಿಯುತ್ತದೆಯೇ ಎಂದು ಕೇಳುತ್ತಾರೆ. ನೆತ್ತಿಗೆ ಎಣ್ಣೆ ಹಾಕುತ್ತೀಯಾ? ನೀನು ಊಟ ಮಾಡುತ್ತೀಯಾ? ನಿಮ್ಮ ಅತ್ತೆಯ ಮಂಡಿನೋವು ಹೇಗಿದೆ? ಅತ್ತೆಗೆ ಎದುರು ಮಾತಾಡಬೇಡ ಎನ್ನುತ್ತಾರೆ.

ಮನೆ ವಿಷಯ ಏನು ಬರೀಲಿ ಎಂದು ಕೇಳಿದೆ. ಬಾಯಿ ತೆಗೆದವರು ನನ್ನ ಮುಖ ನೋಡಿ, "ಬಿಡು ನಾಗಕ್ಕ, ಅದೇನ್ ಬರೀತಿ. ಹಿದಾಯತ್ ನೋಡ್ಕಂತಾನೆ" ಎಂದರು. ಇಷ್ಟೇ ಹೇಳಿದ್ದು.

ಇನ್ನು ಮುಂದಿನದು ಅವರು ಹೇಳಿದ್ದಲ್ಲ, ನನ್ನದು. ಮಾಸ್ತರ ಹತ್ತಿರ ಪಾಠಕ್ಕೆ ಬರುತ್ತಿದ್ದ ಮಕ್ಕಳು ಈಗಲೂ ದಿನಾ ಬೆಳಿಗ್ಗೆ ಸ್ಲೇಟು ಹಿಡಿದು ಬಂದು ಬಾಗಿಲ ಮುಂದೆ ನಿಲ್ಲುತ್ತವೆ. ರೂಢಿ. ಸ್ವಲ್ಪ ಹೊತ್ತು ನಿಂತು ಹೋಗುತ್ತವೆ. ಅವುಗಳ ಸದ್ದು ಕೇಳಿದರೆ ಸಾಕು, ನಿಮ್ಮಮ್ಮ ಒಲೆ ಮೇಲೆ ಏನೇ ಇದ್ದರೂ ಬಿಟ್ಟು ಒಳಕೋಣೆಗೆ ಹೋಗಿ ಕೂರುತ್ತಾರೆ, ಏನೋ ಕದ್ದವರ ಹಾಗೆ. ಯಾಕೆ ಎಂದರೆ ಹೇಳುವುದಿಲ್ಲ.

ಏನು ಬರೆದೆ ಎಂದು ಕೇಳಿದರು. ಬದನೆಕಾಯಿ ರೇಟು ಎಂದಿದ್ದೇನೆ.

ನಿಮ್ಮ ನಾಗಕ್ಕ


ಹುಬ್ಬಳ್ಳಿ
೧೭ ಸೆಪ್ಟೆಂಬರ್ ೧೯೬೧

ಚಿ. ಶಹರ್ಬಾನುಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದೆ.

ಬಿ.ಎ. ಓದಿದವಳು ನೀನು. ಅಬ್ಬಾ ನಿನ್ನನ್ನು ಕಾಲೇಜಿಗೆ ಕಳಿಸಿದರು, ನನ್ನನ್ನು ರೈಲ್ವೆ ಕಚೇರಿಗೆ ಕಳಿಸಿದರು. ಆ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಮನೆಯ ಕಥೆಯನ್ನು ನನಗೇ ಹೇಳಿಕೊಡಬೇಡ. ರೇವಣ್ಣ ಏಣಿ ಹತ್ತಿದಾಗ ಕೆಳಗೆ ಏಣಿ ಹಿಡಿದುಕೊಳ್ಳುತ್ತಿದ್ದವನು ನಾನು.

ಇಲ್ಲಿ ಕ್ವಾರ್ಟರ್ಸ್ ಇದೆ, ಮನೆ ಮುಂದೆ ನಲ್ಲಿ ಇದೆ, ನಿನ್ನ ಅತ್ತಿಗೆ ಇದ್ದಾಳೆ. ಇದ್ದತ್ ಮುಗಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಕೊಟ್ರಬಸಪ್ಪನವರಿಗೆ ಮಾತು ಕೊಟ್ಟಾಗಿದೆ. ಅವರಿಗೆ ಬೇಕಾಗಿರುವುದು ಸ್ಟೇಷನ್‌ಗೆ ಹತ್ತಿರದ ಜಾಗ. ನಮ್ಮದು ಅಂಥದ್ದು.

ಅಮ್ಮನನ್ನು ಕೇಳದೆ ಮಾಡಿದೆ ಎಂದುಕೊಂಡಿದ್ದೀಯ. ಕೆಲವು ಮಾತು ನಾನು ಬರೆಯುವಂಥವಲ್ಲ. ಬರೆಯುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ನೀನು ಸಹಿ ಹಾಕಿದರೆ ಎಲ್ಲರಿಗೂ ಒಳ್ಳೆಯದು, ಮೊದಲು ನಿನಗೆ.

ಮಗುವಿಗೆ ನನ್ನ ದುವಾ. ರಜಾಕ್‌ಗೆ ಸಲಾಮ್.

ಹಿದಾಯತ್


ದಾವಣಗೆರೆ
೨೪ ಸೆಪ್ಟೆಂಬರ್ ೧೯೬೧

ನಂದಿಗುಡಿಯ ಶ್ರೀ ಗುಡ್ಡಪ್ಪನವರಿಗೆ, ಹರಿಹರದ ದಿವಂಗತ ಮೌಲಾ ಸಾಬ್ ಮಾಸ್ತರ ಮಗಳು ಶಹರ್ಬಾನು ಮಾಡುವ ನಮಸ್ಕಾರ.

ತಮಗೆ ತಿಳಿಸಲು ಸಂಕಟವಾಗುತ್ತದೆ. ನಮ್ಮ ತಂದೆಯವರ ಮನೆಯನ್ನು ಭತ್ತದ ವ್ಯಾಪಾರಿ ಕೊಟ್ರಬಸಪ್ಪನವರಿಗೆ ಮಾರುವ ಮಾತು ನಡೆದಿದೆ. ತಮ್ಮ ತಂದೆಯವರು ಪ್ರೀತಿಯಿಂದ ಮಾಡಿಸಿಕೊಟ್ಟ ಬಾಗಿಲು, ರೇವಣ್ಣನವರ ತೊಲೆ ಎಲ್ಲವೂ ಗೋದಾಮಿನ ಪಾಲಾಗಲಿವೆ. ಅವು ಮಾಸ್ತರಿಗೆ ಕೊಟ್ಟವು, ವ್ಯಾಪಾರಿಗಲ್ಲ. ತಾವು ಕೊಟ್ಟದ್ದನ್ನು ಮರಳಿ ಪಡೆಯುವ ಹಕ್ಕು ತಮಗೆ ಇದ್ದೇ ಇದೆ. ತಾವೆಲ್ಲರೂ ಬಂದು ಆ ಹಕ್ಕನ್ನು ಕೇಳಿದರೆ, ಬಾಗಿಲೂ ತೊಲೆಯೂ ಇಲ್ಲದ ಮನೆಯನ್ನು ಯಾರು ಕೊಳ್ಳುತ್ತಾರೆ? ತಮ್ಮದನ್ನು ತಾವು ಬಂದು ಕೇಳಬೇಕೆಂದು ಆ ಮನೆಯ ಮಗಳಾಗಿ ನಾನೇ ಬೇಡಿಕೊಳ್ಳುತ್ತಿದ್ದೇನೆ. ರೇವಣ್ಣನವರಿಗೂ ಇದನ್ನೇ ಬರೆದಿದ್ದೇನೆ.

ತಡಮಾಡಬಾರದು.

ಇಂತಿ ತಮ್ಮ ವಿಶ್ವಾಸಿ
ಶಹರ್ಬಾನು, ಬಿ.ಎ.


ಹರಿಹರ
೬ ಅಕ್ಟೋಬರ್ ೧೯೬೧

ಬಾನು,

ಇವತ್ತು ನಿಮ್ಮಮ್ಮ ಏನೂ ಹೇಳುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಗುಡ್ಡಪ್ಪ ಗಾಡಿ ಹೂಡಿಕೊಂಡು ಬಂದ. ಸುಗ್ಗಿ ಇನ್ನೂ ದೂರ ಇದೆ, ಎಣ್ಣೆ ತಿಕ್ಕಲು ಇಷ್ಟು ಬೇಗ ಯಾಕೆ ಬಂದನಪ್ಪ ಎಂದು ನೋಡುತ್ತಿದ್ದೆ. ಬಾಗಿಲಿಗೆ ಕೈ ಮುಗಿದ. ಆಮೇಲೆ ಗಾಡಿಯಿಂದ ಹಾರೆ ತೆಗೆದು ಕದದ ಬುಡಕ್ಕೆ ಹಾಕಿದ.

"ಏ ಗುಡ್ಡಪ್ಪ, ಏನ್ ಮಾಡಾಕತ್ತೀಯೋ?" ಎಂದು ಓಡಿದೆ.

"ಮಾಸ್ತರ ಮಗಳೇ ಬರ್ದಾಳೆ ನಾಗಕ್ಕ. ನಿಮ್ದು ನೀವು ಬಂದು ಕೇಳ್ರಿ ಅಂತ."

"ಕೇಳ್ರಿ ಅಂದಾಳೆ, ಕೀಳ್ರಿ ಅಂದಾಳೇನು? ಸಾವ್ಕಾರನ ಮುಂದೆ ನಿಂತು ಜಗಳ ಆಡು ಅಂತ ಕಣೋ ಅದು!"

"ಕೊಟ್ಟಿದ್ದಕ್ಕೆ ಜಗಳ ಆಡೋಕೆ ನಾವೇನ್ ಸಂತೇಲಿ ಕುರಿ ಯಾಪಾರ ಮಾಡ್ತೀವಾ? ಕೊಟ್ಟ ಮನೆ ಮಗಳು ಬಾಯಿ ಬಿಟ್ಟು ತಗೊಂಡ್ ಹೋಗ್ರಿ ಅಂದ್ಮ್ಯಾಲೆ ಸುಮ್ನೆ ತಗೊಂಡ್ ಹೋಗೋದು ಮಾನ."

ಅವನ ಕಣ್ಣಲ್ಲಿ ನೀರು ಬರುತ್ತಿತ್ತು ಬಾನು. ಎರಡೂ ಕದ ಎತ್ತಿ ಗಾಡಿಗೆ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ಹೋದ.

ಈಗ ಬೀದಿಯಲ್ಲಿ ನಿಂತರೆ ಪಡಸಾಲೆ, ನಡುಮನೆ, ಒಲೆಯ ಬೆಂಕಿ ತನಕ ಒಂದೇ ನೋಟ. ಇದ್ದತ್‌ನಲ್ಲಿರುವ ಹೆಂಗಸು! ನಿಮ್ಮಮ್ಮ ಅಡಿಗೆ ಮನೆಯ ಮೂಲೆಯಲ್ಲಿ ಸೆರಗು ಎಳೆದುಕೊಂಡು ಗೋಡೆಗೆ ಮುಖಮಾಡಿ ಕೂತರು. ನಮ್ಮ ಮನೆಯ ಜಮಖಾನ ತಂದು ಕಟ್ಟಿದ್ದೇನೆ. ಗಾಳಿ ಬಂದರೆ ಹಾರುತ್ತದೆ, ಕೆಳಗೆ ಕಲ್ಲು ಇಟ್ಟಿದ್ದೇನೆ.

ಸಾಹುಕಾರರು ಸುದ್ದಿ ಕೇಳಿ ಬಂದಿದ್ದರು. ಬಾಗಿಲು ಹೋಯಿತು ಎಂದು ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆಯಲ್ಲ? ನಕ್ಕರು. "ಒಳ್ಳೇದೇ ಆತು ಬಿಡ್ರಿ. ನಂಗೆ ಬೇಕಾಗಿರೋದು ಜಾಗ. ತೊಲೇನೂ ತಗೊಂಡ್ ಹೋಗಾಕ್ ಹೇಳ್ರಿ, ಕೆಡವೋ ಕೂಲಿ ಉಳೀತೈತೆ" ಎಂದರು.

ಓದಿದವಳಲ್ಲವೇ ನೀನು. ಅಮ್ಮನನ್ನು ಒಂದು ಮಾತು ಕೇಳಬಾರದಿತ್ತೇ?

ನಾಗಕ್ಕ


ಹರಿಹರ
೧೪ ಅಕ್ಟೋಬರ್ ೧೯೬೧

ನಮ್ಮ ಮನೆಯವರಿಗೆ ಶಹರ್ಬಾನು ಮಾಡುವ ಸಲಾಮ್.

ನೀವು ಬೆಳಗಿನ ಪಾಳಿಗೆ ಹೋಗಿದ್ದಾಗ ನಾನು ಮಗುವನ್ನು ಎತ್ತಿಕೊಂಡು ಹೊರಟುಬಂದೆ. ನಿಮ್ಮ ತಾಯಿಯವರಿಗೆ ಹೇಳಿ ಬಂದೆ, ಕೇಳಿ ಬರಲಿಲ್ಲ. ಈ ಎರಡರ ನಡುವಿನ ದೂರ ನನಗೆ ಗೊತ್ತು. ನಿಮಗೆ ಸಿಟ್ಟು ಬಂದಿದ್ದರೆ ಬರಲಿ, ಆದರೆ ಈ ಕಾಗದವನ್ನು ಪೂರ್ತಿ ಓದಿ.

ಸ್ಟೇಷನ್‌ನಿಂದ ನಡೆದು ಬಂದಾಗ ಮೊದಲು ಕಂಡದ್ದು ಗುಡ್ಡಪ್ಪ. ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ, ಬೀದಿಗೆ ಮುಖ ಮಾಡಿ, ಮನೆಗೆ ಬೆನ್ನು ಕೊಟ್ಟು ಕೂತಿದ್ದ. ಇದ್ದತ್ ಎಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ. ನಾಗಕ್ಕ ಹೇಳಿಕಳಿಸಿದ ಮೇಲೆ ನಂದಿಗುಡಿಯಿಂದ ಸಿಕ್ಕ ಬಸ್ಸು ಹತ್ತಿ ಬಂದವನು ಇನ್ನೂ ಎದ್ದಿಲ್ಲ. ಹೊಲಕ್ಕೆ ಹೋಗಬೇಕಾದ ದಿನ ರೇವಣ್ಣ ಬಂದು ಕೂರುತ್ತಾನಂತೆ. ನನ್ನನ್ನು ಕಂಡು ಎದ್ದು ನಿಂತ. ನಾನು ಬೈಯಲು ಬಾಯಿ ತೆರೆಯುವ ಮೊದಲೇ, "ಬಾಗ್ಲು ಬರೋ ತನ್ಕ ನಾನೇ ಬಾಗ್ಲು ಕಣ್ರವ್ವ" ಎಂದ.

"ಹಾಗಾದರೆ ತಂದು ಹಾಕು."

"ತರ್ತೀನಿ ಅಂದೆ. ಒಳಗಿಂದ ತಾಯೇರು ಬ್ಯಾಡ ಅಂದ್ರು."

ನನಗೆ ನಂಬಿಕೆ ಬರಲಿಲ್ಲ. ಒಳಗೆ ಹೋದೆ. ಅಮ್ಮ ಶಮೀಮ್‌ಳನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಅವಳ ಕುತ್ತಿಗೆಯಲ್ಲಿ ಮೂಗಿಟ್ಟು ಕೂತರು. ನಾನು ಅಣ್ಣನನ್ನು ಬೈದೆ, ಸಾಹುಕಾರರನ್ನು ಬೈದೆ. ನೀವು ಹೆದರಬೇಡಿ, ನಾನು ಸಹಿ ಹಾಕುವುದಿಲ್ಲ ಎಂದೆ.

"ಹಾಕು" ಎಂದರು ಅಮ್ಮ. "ಮಾರು ಅಂತ ಹಿದಾಯತ್‌ಗೆ ಹೇಳಿದ್ದು ನಾನೇ."

ಅಮ್ಮ ಪಡಸಾಲೆಯ ಕಡೆಗೆ ಕೈ ಮಾಡಿ ಹೇಳಿದರು: "ಗುಡ್ಡಪ್ಪನ ಅಪ್ಪ ಅಂದ ಮಾತು ನಿಮ್ಮಬ್ಬಾ ನಿಂಗೆ ಯಾವತ್ತೂ ಪೂರ್ತಿ ಹೇಳ್ಲಿಲ್ಲ ಬೇಟಿ. ನಾನು ಇದೇ ಮೂಲೇಲಿ ನಿಂತು ಕೇಳೀನಿ. 'ಮಾಸ್ತರೇ, ಕಲ್ಸೋ ತನ್ಕ ಇದು ನಿಮ್ದು' ಅಂದಿದ್ದು ಆ ಮುದುಕ. ರೇವಣ್ಣನ ಮನೆಯೋರೂ ಹಂಗೇ ಅಂದು ಕೊಟ್ರು. ತಿಪ್ಪಮ್ಮ ಕಲ್ಲು ಇಳಿಸಿದಾಗಲೂ ಅದೇ ಮಾತು. ಆ ಅರ್ಧ ಮಾತು ನಿಮ್ಮಬ್ಬಾಗೆ ಬೇಕಾಗ್ಲಿಲ್ಲ, ಸಾಯೋ ದಿನಾನೂ ಬೆಳಿಗ್ಗೆ ಕಲಿಸೇ ಮಲಗಿದ್ರು. ಈಗ ಕಲಿಸೋರು ಯಾರು? ಮಕ್ಕಳು ಬಂದು ನಿಂತ್ರೆ ನಾನು ಯಾವ ಮುಖ ತೋರಿಸ್ಲಿ? ಇನ್ನೊಬ್ಬರ ಬಾಗ್ಲು ಹಾಕ್ಕೊಂಡು, ಇನ್ನೊಬ್ಬರ ತೊಲೆ ಕೆಳಗೆ, ಬಾಡಿಗೆ ಕೊಡದ ಬಿಡಾರದೋಳ ಹಂಗೆ ಮಲಗ್ಲಾ? ಅವರವರದು ಅವರಿಗೆ ಕೊಟ್ಟು, ಜಾಗ ಮಾರಿ, ನನ್ನ ಕರ್ಕೊಂಡ್ ಹೋಗು ಅಂತ ಅವನಿಗೆ ಅಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ ಹೇಳು. ನಾನ್ ಬಂದು ಕಲಿಸ್ತೀನಿ ಅಂತಿದ್ದೆ. ಎಳೇ ಕೂಸು ಕಟ್ಕೊಂಡು, ಅತ್ತೆ ಮನೆ ಬಿಟ್ಟು. ನಾಳೆ ನಿನ್ ಸಂಸಾರದಾಗೆ ಬಿರುಕು ಬಿಟ್ರೆ ಅದಕ್ಕೆ ಯಾರ್ ತೊಲೆ ಕೊಡ್ತಾರೆ? ಅದಕ್ಕೇ ಅವನ ಬಾಯಿ ಕಟ್ಟಿದೆ."

ಅಣ್ಣ ಯಾರಿಗೆ ಮಾತು ಕೊಟ್ಟಿದ್ದ ಎನ್ನುವುದು ಆಗ ತಿಳಿಯಿತು. ನಾನು ಅವನಿಗೆ ಬರೆದದ್ದನ್ನೆಲ್ಲ ನೆನೆಸಿಕೊಂಡು ಕೂತೆ.

ಅಮ್ಮ ಸರಿಯಾಗಿಯೇ ಊಹಿಸಿದ್ದರು. ನಾನು ಬಂದು ಕಲಿಸುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಅಬ್ಬಾ ಹೋದ ಮೇಲೆ ನಾನು ಈ ಮನೆಯನ್ನು ಉಳಿಸಬೇಕು, ಉಳಿಸಬೇಕು ಎಂದು ಕಾಗದಗಳ ಮೇಲೆ ಕಾಗದ ಬರೆದೆ. ಉಳಿಸುವವರು ಇನ್ನೊಬ್ಬರಾಗಬೇಕಿತ್ತು: ಅಣ್ಣ, ಗುಡ್ಡಪ್ಪ, ರೇವಣ್ಣ. ಅದು ನನ್ನ ಮೈಮೇಲೆ ಬರುತ್ತದೆ ಎಂದು ಒಂದು ಸಲವೂ ಅನ್ನಿಸಿರಲಿಲ್ಲ.

ದಿನಾ ಬೆಳಗಿನ ರೈಲಿಗೆ ಇಲ್ಲಿಗೆ ಬಂದರೆ ಮಧ್ಯಾಹ್ನದ ರೈಲಿಗೆ ತಿರುಗಿ ಮನೆಗೆ ಬರಬಹುದು. ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರೆ. ಬೇಡ ಎಂದು ನೀವು ಬರೆದರೆ ನಾಳೆಯೇ ಬರುತ್ತೇನೆ, ಬಂದು ಸಹಿಯನ್ನೂ ಹಾಕುತ್ತೇನೆ. ಆಮೇಲೆ ಈ ಮಾತನ್ನು ಎತ್ತುವುದಿಲ್ಲ. ಎತ್ತದೆ ಹೇಗಿರುತ್ತೇನೆ ಎನ್ನುವುದು ಮಾತ್ರ ನನಗೆ ಗೊತ್ತಿಲ್ಲ.

ನಿಮ್ಮ
ಶಹರ್ಬಾನು


ದಾವಣಗೆರೆ
೧೯ ಅಕ್ಟೋಬರ್ ೧೯೬೧

ಶಹರ್ಬಾನುಗೆ,

ಕಾಗದ ಮುಟ್ಟಿತು. ಪೂರ್ತಿ ಓದಿದೆ.

ನಮ್ಮಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾರೆ. "ಓದಿದ ಸೊಸೆ ತಂದ್ರೆ ಹಿಂಗೇ ಆಗೋದು ಅಂತ ಆಗಲೇ ಅಂದಿದ್ದೆ. ಹಾಲುಗೂಸನ್ನ ರೈಲಿನ ಹೊಗೇಲಿ ದಿನಾ ಹೊತ್ಕೊಂಡ್ ಹೋಗ್ತಾಳಂತಾ?" ಎನ್ನುತ್ತಾರೆ. ಗಿರಣಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹೆಂಡತಿ ತವರಿಗೆ ಹೋದಳಂತೆ ಎಂದು ಕೇಳುತ್ತಾರೆ. ನಾನು ಹೌದು ಎನ್ನುತ್ತೇನೆ.

ಬಾ ಎಂದೂ ಬರೆಯಲಾರೆ, ಇರು ಎಂದೂ ಬರೆಯಲಾರೆ. ಮಗುವಿನ ಟೋಪಿ ಇಲ್ಲೇ ಗೂಟದಲ್ಲಿದೆ. ಚಳಿ ಶುರುವಾಗಿದೆ, ತಲೆ ಮುಚ್ಚು.

ರಜಾಕ್


ಹರಿಹರ
೨೮ ಅಕ್ಟೋಬರ್ ೧೯೬೧

ದಾವಣಗೆರೆ ರಜಾಕ್ ಸಾಬ್ರಿಗೆ ನಂದಿಗುಡಿ ಗುಡ್ಡಪ್ಪ ಶರಣು ಮಾಡಿ ಬರೆದದ್ದು.

ನನ್ನ ಅಕ್ಷರ ದೊಡ್ಡವು. ಮಾಸ್ತರು ರಾತ್ರಿ ಶಾಲೆಯಲ್ಲಿ ಕಲಿಸಿದ್ದು. ಆಗಲೇ ನನಗೆ ಮದುವೆಯಾಗಿತ್ತು. ದೊಡ್ಡದಾಗಿ ಬರಿ ಗುಡ್ಡಪ್ಪ, ನಾಚಿಕೆ ಸಣ್ಣದಾಗುತ್ತದೆ ಎನ್ನುತ್ತಿದ್ದರು.

ನಿಮ್ಮ ಮನೆಯಲ್ಲಿ ಜಗಳ ಆಗಿದ್ದು ನನ್ನಿಂದ. ಬಾಗಿಲು ಕಿತ್ತವನು ನಾನು. ಆಯಮ್ಮ ಕೇಳ್ರಿ ಅಂತ ಬರೆದಿದ್ದರು, ನಾನು ಕಿತ್ತುಕೊಂಡು ಹೋದೆ. ಕೇಳೋದು ನಮ್ಮ ಮಂದಿಗೆ ಬರುವುದಿಲ್ಲ. ಅದಕ್ಕೆ ಈಗ ಕೇಳೋದು ಕಲಿಯುತ್ತಿದ್ದೇನೆ.

ನಿಮ್ಮ ಹೆಂಡತಿಯವರನ್ನು ಬೆಳಗಿನ ಹೊತ್ತು ನಮ್ಮ ಮಕ್ಕಳಿಗೆ ಕಡ ಕೊಡ್ರಿ. ಮಧ್ಯಾಹ್ನ ವಾಪಸ್ಸು ಕಳಿಸುತ್ತೇವೆ. ನಮ್ಮ ಕಡೆ ಎತ್ತು ಕಡ ತಂದರೆ ಮೇವು ಹಾಕಿ, ಮೈ ತೊಳೆದು ಕಳಿಸುತ್ತೇವೆ. ಇದು ತಪ್ಪು ಹೋಲಿಕೆ ಎಂದು ನಾಗಕ್ಕ ಬೈದಳು. ಹೊಡೆದು ಹಾಕಿದರೆ ಗಲೀಜಾಗುತ್ತದೆ, ಹಾಗೇ ಬಿಟ್ಟಿದ್ದೇನೆ.

ಒಲ್ಲೆ ಎಂದರೆ ಹಾಗಂತ ಬರೆಯಿರಿ. ಇದ್ದತ್ ಮುಗಿಯುವ ತನಕ ಹೆಂಗೂ ಕಟ್ಟೆ ಮೇಲೆ ಇರುತ್ತೇನೆ. ಆಮೇಲೆ ಎದ್ದು ಹೋಗುತ್ತೇನೆ.

ಗುಡ್ಡಪ್ಪ


ಹರಿಹರ
೩ ಡಿಸೆಂಬರ್ ೧೯೬೧

ಹಿದಾಯತ್ ಅಣ್ಣನಿಗೆ ಸಲಾಮ್.

ಎಲ್ಲರೂ ಕ್ಷೇಮ. ಈ ಸಲ ಆ ಸಾಲನ್ನು ಬರೆಯಬಲ್ಲೆ, ಸ್ವಲ್ಪ ಹೆದರುತ್ತಲೇ ಬರೆಯುತ್ತೇನೆ.

ಆಗಸ್ಟ್‌ನಲ್ಲಿ ನಿನಗೆ ಬರೆದ ಕಾಗದವನ್ನು ನೀನು ಹರಿದುಹಾಕಿದ್ದರೆ ಒಳ್ಳೆಯದು. ಅಮ್ಮನಿಗೆ ಕೊಟ್ಟ ಮಾತಿಗಾಗಿ ನನ್ನ ಬೈಗುಳವನ್ನು ಸುಮ್ಮನೆ ನುಂಗಿದೆ ನೀನು. ಏಣಿ ಹಿಡಿದವನಿಗೆ ಕೆಳಗಿನಿಂದ ಮೇಲಿನವರ ಕಾಲು ಮಾತ್ರ ಕಾಣುತ್ತದೆ, ಆದರೂ ಕೈ ಬಿಡುವಂತಿಲ್ಲ ಎಂದು ಅಮ್ಮ ನಿನ್ನ ಬಗ್ಗೆ ಹೇಳಿದರು.

ನಮ್ಮವರು ನವೆಂಬರ್ ಮೊದಲ ವಾರ ಬಂದರು. ಮುನ್ಸೂಚನೆಯಿಲ್ಲ, ಕಾಗದವಿಲ್ಲ. ಪಾಳಿ ಮುಗಿಸಿ ನೇರ ಬಂದಿದ್ದರು, ತಲೆಯ ಮೇಲೆ ಹತ್ತಿಯ ಎಳೆಗಳು ಹಾಗೇ ಇದ್ದವು. ಜಮಖಾನದ ಆಚೆ ನಿಂತು ಗಂಟಲು ಸರಿಮಾಡಿಕೊಂಡರು. ಗುಡ್ಡಪ್ಪ ಅವರನ್ನು ಗುರುತು ಹಿಡಿಯದೆ, "ಯಾರ್ರೀ ನೀವು? ಇಲ್ಲಿ ಬಾಗ್ಲು ಹಾಕೈತಿ, ಕಾಣಂಗಿಲ್ಲೇನು?" ಎಂದು ತನ್ನನ್ನೇ ತೋರಿಸಿ ಗದರಿದ. ನಾನು ಓಡಿ ಹೊರಗೆ ಹೋದೆ. ಅವರು ಜೇಬಿನಿಂದ ಮಗುವಿನ ಟೋಪಿ ತೆಗೆದು ಕೊಟ್ಟರು. ಟೋಪಿಯೊಳಗೆ ನನ್ನ ಹೆಸರಿನ ರೈಲಿನ ಸೀಸನ್ ಪಾಸು ಇತ್ತು.

"ಅತ್ತೆ ಒಪ್ಪಿದರೇ?" ಎಂದೆ.

"ಇಲ್ಲ" ಎಂದರು. ಇನ್ನೂ ಒಪ್ಪಿಲ್ಲ ಅಣ್ಣಾ. ನನ್ನೊಡನೆ ಮಾತಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಗೋಡೆಗೆ ಮುಖ ಮಾಡುತ್ತಾರೆ. ಆದರೆ ನಿನ್ನೆ ಮಗುವಿನ ಜೋಳಿಗೆಯಲ್ಲಿ ಯಾರೋ ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ತುಂಡು ಇಟ್ಟಿದ್ದರು. ನಾನಿಟ್ಟಿದ್ದಲ್ಲ.

ಸಾಹುಕಾರರಿಗೆ ನೀನು ಕೊಟ್ಟ ಮಾತನ್ನು ಮುರಿದವಳು ನಾನು, ಆದ್ದರಿಂದ ಹೇಳಲು ನಾನೇ ಅವರ ಭತ್ತದ ಮಂಡಿಗೆ ಹೋದೆ. ನಿನ್ನ ಹೆಸರು ಕೆಡದಂತೆ ಹೇಳಿದೆ. ಅವರು ಕೂಗಾಡಲಿಲ್ಲ. ಭತ್ತದ ಕಾಳೊಂದನ್ನು ಹಲ್ಲಿನಲ್ಲಿ ಕಡಿದು ನೋಡುತ್ತ, "ಕಲ್ಸವ್ವ, ಕಲ್ಸು. ಇವತ್ತು ಒಂದು ಕೂಸು, ನಾಳೆ ಇನ್ನೊಂದು ಆಗ್ತೈತೆ. ಆಗ ಬರ್ತೀನಿ. ಜಾಗ ಎಲ್ಲೂ ಓಡಿ ಹೋಗಲ್ಲ, ನಾನೂ ಹೋಗಲ್ಲ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಒಂದು ದಿನ ನಾನು ಸೋತರೆ ಸಾಕು.

ಇದ್ದತ್ ಮುಗಿದ ಮಾರನೆಯ ದಿನ ಗುಡ್ಡಪ್ಪ ಗಾಡಿಯಲ್ಲಿ ಬಾಗಿಲು ತಂದ. ಜೊತೆಗೆ ರೇವಣ್ಣ ಏಣಿ ತಂದಿದ್ದ. ಎರಡೂ ಕದ ಕೂಡಿಸಿ, ತೆಗೆದು ಹಾಕಿ ನೋಡಿ, ಎಣ್ಣೆ ತಿಕ್ಕಿ, ಕೈ ಒರೆಸಿಕೊಂಡು ಗುಡ್ಡಪ್ಪ ನನ್ನ ಮುಂದೆ ನಿಂತ. ಓಣಿಯ ಮಕ್ಕಳೆಲ್ಲ ಸ್ಲೇಟು ಹಿಡಿದು ನೋಡುತ್ತಿದ್ದವು. ಅವನು ನನ್ನ ಮುಖ ನೋಡಿದ, ನನ್ನ ಸೊಂಟದ ಮೇಲಿದ್ದ ಶಮೀಮ್‌ಳನ್ನು ನೋಡಿದ. ಏನನ್ನಿಸಿತೋ, ತಲೆ ತಗ್ಗಿಸಿ ಮೆಲ್ಲಗೆ, "ಅವ್ವಾ, ಇದು ನಿಮ್ದು" ಎಂದ.

ಅಬ್ಬಾ ಹೇಳುತ್ತಿದ್ದಷ್ಟೇ ಮಾತು. ಕನಿಕರದಿಂದ ಉಳಿದದ್ದನ್ನು ಬಿಟ್ಟಿದ್ದ. ನಾನು ಸುಮ್ಮನೆ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಸುಳ್ಳು ಹೇಳುವುದೇಕೆ, ತಲೆಯಾಡಿಸಿಬಿಡಬೇಕು ಎನ್ನಿಸಿತು.

ನಡುಮನೆಯಿಂದ ಅಮ್ಮನ ದನಿ ಬಂತು: "ಪೂರ್ತಿ ಹೇಳ್ರಿ ಗುಡ್ಡಪ್ಪ."

ಗುಡ್ಡಪ್ಪ ಬೆಚ್ಚಿದ. ಇಷ್ಟು ವರ್ಷದಲ್ಲಿ ಅಮ್ಮ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲಿರಬೇಕು. ನನ್ನತ್ತ ನೋಡಿ, ಈಗ ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಕಲ್ಸೋ ತನ್ಕ, ಅವ್ವಾ. ಕಲ್ಸೋ ತನ್ಕ ಇದು ನಿಮ್ದು. ಹೂಂ ಅನ್ರಿ."

ಹೂಂ ಎಂದೆ, ಅಣ್ಣಾ. ನನ್ನ ನಿಕಾಹ್‌ನಲ್ಲಿ ಪರದೆಯ ಹಿಂದೆ ಅದನ್ನೇ ಹೇಳಿದಾಗಲೂ ಇಷ್ಟು ಹೆದರಿರಲಿಲ್ಲ.

ಮಾರನೆಯ ದಿನದಿಂದ ಪಾಠ ಶುರುವಾಗಿದೆ. ನಿನ್ನೆ ಮಧ್ಯಾಹ್ನ ಮಕ್ಕಳು ಹೋದ ಮೇಲೆ, ರೈಲಿಗೆ ಇನ್ನೂ ಹೊತ್ತಿತ್ತು, ಪಡಸಾಲೆಯಲ್ಲಿ ಅಬ್ಬಾ ಮಲಗುತ್ತಿದ್ದ ಕಡೆ ಗೋಡೆಗೆ ಒರಗಿ ಕೂತೆ. ಅಷ್ಟು ಮಾತ್ರ ನೆನಪು. ಎಚ್ಚರವಾದಾಗ ಅಮ್ಮ ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಶಮೀಮ್‌ಳನ್ನು ತಟ್ಟುತ್ತಿದ್ದರು. ಇನ್ನೊಂದು ಕೈಯ ಬೆರಳು ನನ್ನ ಮೂಗಿನ ಹತ್ತಿರವಿತ್ತು. ನಾನು ಕಣ್ಣು ಬಿಟ್ಟದ್ದು ಕಂಡು ಬೆರಳನ್ನು ಸರಕ್ಕನೆ ಹಿಂದಕ್ಕೆ ತೆಗೆದುಕೊಂಡು, "ರೈಲು ಹೋತು" ಎಂದರು.

ಅಮ್ಮ ಹುಬ್ಬಳ್ಳಿಗೆ ಬಂದು ನಿಮ್ಮೊಡನೆ ಒಂದು ತಿಂಗಳು ಇರುತ್ತಾರಂತೆ, ರಂಜಾನ್ ಕಳೆದ ಮೇಲೆ. ತಿರುಗಿ ಬರುತ್ತೇನೆ ಎಂದು ಹೇಳಿ ಬರುತ್ತಾರೆ, ಬೇಸರಪಟ್ಟುಕೊಳ್ಳಬೇಡ.

ಇನ್ನೊಂದು ಮಾತು. ಈ ಮನೆಯಲ್ಲಿ ನಿನ್ನ ಪಾಲು ಇದೆ, ನನ್ನದಕ್ಕಿಂತ ದೊಡ್ಡದು. ಅದನ್ನು ನಾನು ಕೊಳ್ಳಲಾರೆ, ಬಿಟ್ಟುಕೊಡು ಎನ್ನಲೂ ಆರೆ. ಗುಡ್ಡಪ್ಪನಂತೆ ನೀನೂ ಕೊಡು, ಅದೇ ಮಾತು ಹೇಳಿ. ಕಲಿಸುವುದನ್ನು ನಿಲ್ಲಿಸಿದ ದಿನ ಬಂದು ಕಿತ್ತುಕೊಂಡು ಹೋಗು, ನಾನು ವಾದ ಮಾಡುವುದಿಲ್ಲ. ಅಲ್ಲಿಯ ತನಕ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂದು ನಿನ್ನದನ್ನು ನೀನು ನೋಡಿಕೊಂಡು ಹೋಗಬೇಕು.

ರೇವಣ್ಣನಿಗೆ ವಯಸ್ಸಾಯಿತು. ಈ ಸಲ ಏಣಿ ಹತ್ತುವಾಗ ಕೆಳಗೆ ಹಿಡಿದುಕೊಳ್ಳಲು ಯಾರೂ ಇರಲಿಲ್ಲ.

ನಿನ್ನ ತಂಗಿ
ಶಹರ್ಬಾನು